ನಾಣ್ಯ ಮೂರನೇ ಪುಟದವರೆಗೆ ಕಾಯಬಾರದು

ನಮಸ್ಕಾರ.

ಆಸ್ಟ್ರೇಲಿಯಾದ ಉತ್ತರಕ್ಕಿರುವ ದ್ವೀಪದೇಶ ಪಪುವಾ ನ್ಯೂ ಗಿನಿಯ 1975ರ ಒಂದು ಕಿನಾ ನಾಣ್ಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲು ಮನಸ್ಸೂ ಇಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾಣ್ಯ ಕಾಣಿಸಿಕೊಳ್ಳುವುದೇ ಮೂರನೇ ಪುಟದಲ್ಲಿ. ಅಲ್ಲಿಯವರೆಗೆ ಜರ್ಮನ್ನರು ಬಂದರು, ಆಸ್ಟ್ರೇಲಿಯಾದವರು ಬಂದರು, ಸ್ವಾತಂತ್ರ್ಯ ಎಷ್ಟು ದೊಡ್ಡದು ಎಂಬ ಮಾತುಗಳು. ಅದನ್ನು ಓದುಗರು ಎಲ್ಲಿ ಬೇಕಾದರೂ ಓದಬಹುದು. ನಿಮ್ಮ ಅಂಗೈ ಮೇಲಿನ ನಾಣ್ಯವನ್ನು ಮಾತ್ರ ನೀವೇ ತೋರಿಸಬೇಕು. ನಡುವೆ ತೂತು, ಅದರ ಆಚೆ ಈಚೆ ಒಂದೊಂದು ಮೊಸಳೆ. "ಹೆಬ್ಬೆರಳಿಂದ ಸವರಿದರೆ ಮೊದಲು ಮೊಸಳೆಯ ಬೆನ್ನು ಸಿಗುತ್ತದೆ, ಆಮೇಲೆ ಬೆರಳು ತೂತಿಗೆ ಜಾರುತ್ತದೆ" ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ. ತುಂಬಾ ಒಳ್ಳೆಯ ಸಾಲು ಅದು.

ಇನ್ನು ತಪ್ಪುಗಳು. ಸ್ವಾತಂತ್ರ್ಯ ಬಂದ ಮೇಲೆ ಹೊಸ ನಾಣ್ಯ ಬಂತು ಎಂದಿದ್ದೀರಿ. ಆದದ್ದು ಉಲ್ಟಾ. ಕಿನಾ ಚಲಾವಣೆಗೆ ಬಂದದ್ದು 1975ರ ಏಪ್ರಿಲ್ 19ಕ್ಕೆ, ಆಸ್ಟ್ರೇಲಿಯಾದ ಆಳ್ವಿಕೆಯಿಂದ ಸ್ವಾತಂತ್ರ್ಯ ಬಂದದ್ದು ಸೆಪ್ಟೆಂಬರ್ 16ಕ್ಕೆ. ಆಸ್ಟ್ರೇಲಿಯಾದ ದುಡ್ಡೂ ಆ ವರ್ಷದ ಕೊನೆಯವರೆಗೆ ಜೊತೆಯಲ್ಲೇ ಓಡಾಡಿತು, ಒಂದು ಡಾಲರಿಗೆ ಒಂದು ಕಿನಾ. ಅಂದರೆ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ರಾಣಿ ಎಲಿಜಬೆತ್ ಮುಖದ ಆಸ್ಟ್ರೇಲಿಯಾ ನಾಣ್ಯವೂ ಮೊಸಳೆ ನಾಣ್ಯವೂ ಬೀಳುತ್ತಿದ್ದ ತಿಂಗಳುಗಳು ಅವು. ಎಂಥ ಚಿತ್ರ ಅಲ್ವಾ? ಅದು ನಿಮ್ಮ ಲೇಖನದಲ್ಲಿ ಬಂದೇ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ರಾಣಿಯ ಆಳ್ವಿಕೆ ಮುಗಿದದ್ದರಿಂದ ನಾಣ್ಯದಲ್ಲಿ ಆಕೆಯ ಮುಖ ಇಲ್ಲ ಎಂದಿದ್ದೀರಿ. ಆಳ್ವಿಕೆ ಮುಗಿಯಲಿಲ್ಲ. ಸ್ವತಂತ್ರ ಪಪುವಾ ನ್ಯೂ ಗಿನಿಗೂ ಎರಡನೇ ಎಲಿಜಬೆತ್ ಅವರೇ ರಾಣಿ, 2022ರಲ್ಲಿ ತೀರಿಕೊಳ್ಳುವವರೆಗೂ. ಆದರೂ 1975ರ ಚಿಲ್ಲರೆಯಲ್ಲಿ ಆಕೆಯ ಮುಖ ಬೇಡ ಎಂದರು. ಕಿನಾದ ಚಿಲ್ಲರೆ ಟೋಯಾ, ನೂರು ಸೇರಿದರೆ ಒಂದು ಕಿನಾ. ಒಂದು ಟೋಯಾದಲ್ಲಿ ಚಿಟ್ಟೆ, ಐದರಲ್ಲಿ ಆಮೆ, ಇಪ್ಪತ್ತರಲ್ಲಿ ಕ್ಯಾಸೊವರಿ ಹಕ್ಕಿ. ನಿಮ್ಮ ಲೇಖನದ ಜೀವ ಇರುವುದು ಇಲ್ಲೇ. ನಮ್ಮದನ್ನೂ ಪಕ್ಕಕ್ಕೆ ಇಟ್ಟು ನೋಡಿ. 1947ರಲ್ಲಿ ಸ್ವಾತಂತ್ರ್ಯ ಬಂತು, ಅಶೋಕ ಸಿಂಹದ ನಾಣ್ಯಗಳು ಬಂದದ್ದು 1950ರ ಆಗಸ್ಟ್ 15ಕ್ಕೆ. ಅಲ್ಲಿಯವರೆಗೆ ನಮ್ಮ ಹಿರಿಯರು ಆರನೇ ಜಾರ್ಜ್ ದೊರೆಯ ನಾಣ್ಯ ಕೊಟ್ಟೇ ಸಂತೆಯಲ್ಲಿ ಉಪ್ಪು ಮೆಣಸಿನಕಾಯಿ ತಂದರು. ಈ ಹೋಲಿಕೆಗೆ ಜಾಗ ಕೊಡಿ.

ತೂತನ್ನು "ಹೊಸ ದೇಶದ ಹೊಸ ಕಲ್ಪನೆ" ಎಂದು ಹೊಗಳಿದ್ದೀರಿ. ಅದೂ ಸರಿಯಲ್ಲ. ಆಸ್ಟ್ರೇಲಿಯಾ ತನ್ನ ಕೈಕೆಳಗಿದ್ದ ನ್ಯೂ ಗಿನಿಗೆ 1929ರಲ್ಲೇ ತೂತಿನ ಪೆನ್ನಿ ಹೊಡೆಸಿತ್ತು. 1935ರ ಬೆಳ್ಳಿ ಶಿಲ್ಲಿಂಗಿಗೂ ನಡುವೆ ತೂತು. ಜೇಬಿನ ಬಟ್ಟೆ ಹಾಕದ ಜನ ದಾರಕ್ಕೆ ಪೋಣಿಸಿಕೊಳ್ಳಲಿ ಎಂದು. ಅದಕ್ಕೂ ಮುಂಚೆ ಅಲ್ಲಿ ಚಿಪ್ಪೇ ದುಡ್ಡು. ಮದುವೆಯಲ್ಲಿ ತೆರ ಕೊಡಲು ಬಳಸುತ್ತಿದ್ದ ಮುತ್ತಿನ ಚಿಪ್ಪಿಗೆ ಕಿನಾ ಎನ್ನುತ್ತಿದ್ದರು, ಚಿಪ್ಪಿನ ತೋಳ್ಬಳೆಗೆ ಟೋಯಾ. ಇದನ್ನು ಅಡಿಟಿಪ್ಪಣಿಗೆ ಯಾಕೆ ತಳ್ಳಿದಿರಿ? ಮೇಲಕ್ಕೆ ತನ್ನಿ. ನಮ್ಮ 1943ರ ತೂತಿನ ಕಾಸಿಗೆ ಒಂದು ಪುಟ ಬೇಡ, ಒಂದು ಸಾಲು ಸಾಕು. ಅದು ಯುದ್ಧಕಾಲದಲ್ಲಿ ಲೋಹ ಉಳಿಸಲು ಮಾಡಿದ್ದು, ಕಾರಣವೇ ಬೇರೆ.

ನಾಣ್ಯಕ್ಕೆ ಈಗ ಎಷ್ಟು ಬೆಲೆ ಸಿಗುತ್ತದೆ ಎಂಬ ಪ್ಯಾರಾ ತೆಗೆಯಿರಿ. ಚಲಾವಣೆಯಲ್ಲಿ ಸವೆದ ನಾಣ್ಯ ಅದು. ಆ ಸವೆತದ ಬಗ್ಗೆ ಬರೆಯಿರಿ, ಎಲ್ಲಿ ಜಾಸ್ತಿ ಸವೆದಿದೆ ಎಂದು ಭೂತಗನ್ನಡಿ ಹಿಡಿದು ನೋಡಿ. ಕೊನೆಯ ಎರಡು ಉಪದೇಶದ ಸಾಲುಗಳೂ ಬೇಡ.

ಎಂಟುನೂರು ಪದ ದಾಟಬೇಡಿ. ನಾಣ್ಯದ ಎರಡೂ ಬದಿಯ ಫೋಟೊ ಬೇಕು, ಫ್ಲ್ಯಾಶ್ ಹಾಕದೆ ಹಗಲು ಬೆಳಕಲ್ಲಿ ತೆಗೆದದ್ದು. ತಿದ್ದಿ ಕಳಿಸಿದ ಕೂಡಲೇ ನಾನೇ ಓದುತ್ತೇನೆ.