ಹೊಲಿಗೆ ಹಾಕಿದ ಜಾಗದಲ್ಲಿ ಮೂಳೆನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪಾಜಿಗೆ 58 ವರ್ಷ. ಹೊಟ್ಟೆ ಹುಣ್ಣು ತೂತಾಗಿ ಎಂಟು ತಿಂಗಳ ಹಿಂದೆ ಅರ್ಜೆಂಟಾಗಿ ಆಪರೇಷನ್ ಆಯ್ತು, ಎದೆಗೂಡಿನ ಕೆಳಗಿಂದ ಹೊಕ್ಕಳವರೆಗೆ ಉದ್ದಕ್ಕೆ ಹೊಲಿಗೆ. ಈಗ ಆ ಕಲೆ ಕೆಳಗೆ ಬೆರಳುದ್ದ ಏನೋ ಗಟ್ಟಿಯಾಗಿ ಕೈಗೆ ಸಿಗುತ್ತೆ, ಬಗ್ಗಿದ್ರೆ ಚುಚ್ಚುತ್ತೆ ಅಂತಾರೆ. ಸಿಟಿ ಸ್ಕ್ಯಾನ್ ರಿಪೋರ್ಟಲ್ಲಿ ಕಲೆಯೊಳಗೆ ಮೂಳೆ ಬೆಳೆದಿದೆ ಅಂತಿದೆ. ಚಿಕ್ಕಪ್ಪ ಅಂತೂ ಒಳಗೆ ಕತ್ತರಿ ಬಿಟ್ಟಿದಾರೆ, ಕೇಸ್ ಹಾಕಿ ಅಂತ ಕೂತಿದಾರೆ. ಕ್ಯಾನ್ಸರಾ? ರಾಗಿ, ಹಾಲು ನಿಲ್ಲಿಸ್ಬೇಕಾ?
– ಓದುಗ, ದಾವಣಗೆರೆ

ಉತ್ತರ: ಚಿಕ್ಕಪ್ಪಂಗೆ ಮೊದ್ಲು ಹೇಳಿ, ಕತ್ತರಿ ಇದ್ದಿದ್ರೆ ಸ್ಕ್ಯಾನಲ್ಲಿ ಕತ್ತರಿ ಥರಾನೇ ಕಾಣ್ತಿತ್ತು. ಹೊಟ್ಟೆ ಕೊಯ್ದ ಕಲೆಯಲ್ಲಿ ಮೂಳೆ ಆಗೋದು ಅಪರೂಪ, ಆದ್ರೆ ಹೊಸದಲ್ಲ, 1901ರಲ್ಲೇ ಅಸ್ಕನಾಜಿ ಅನ್ನೋರು ಬರೆದಿಟ್ಟಿದಾರೆ. ಬರೋದೂ ಹೆಚ್ಚಾಗಿ ಇಂಥೋರಿಗೇನೇ, ಗಂಡಸರು, ಹೊಟ್ಟೆ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ಸಿಕೊಂಡಿರೋರು, ಅದೂ ಸಾಮಾನ್ಯವಾಗಿ ಮೊದಲ ವರ್ಷದೊಳಗೆ.

ಯಾಕಾಗುತ್ತೆ ಅನ್ನೋದಕ್ಕೆ ಎರಡು ವಾದ ಇದೆ. ಕೊಯ್ಯುವಾಗ ಎದೆಮೂಳೆ ತುದಿ ಸವರಿ ಅದರ ಪೊರೆಯ ಚೂರು ಗಾಯಕ್ಕೆ ಬಿದ್ದು ಚಿಗುರುತ್ತೆ ಅನ್ನೋದು ಒಂದು, ಗಾಯ ವಾಸಿ ಮಾಡಕ್ಕೆ ಬಂದ ಎಳೇ ಜೀವಕೋಶಗಳು ದಾರಿ ತಪ್ಪಿ ಮೂಳೆ ಕಟ್ಟೋ ಕೋಶಗಳಾಗಿಬಿಡುತ್ವೆ ಅನ್ನೋದು ಇನ್ನೊಂದು. ಇದು ಬರೀ ಸುಣ್ಣ ಕಟ್ಟಿದ್ದಲ್ಲ, ನಿಜವಾದ ಮೂಳೆ, ಕೆಲವರಲ್ಲಿ ಒಳಗೆ ಮಜ್ಜೆನೂ ಇರುತ್ತೆ! ರಾಗಿ, ಹಾಲಿಗೂ ಇದಕ್ಕೂ ಸಂಬಂಧ ಇಲ್ಲ, ಮುದ್ದೆ ಉಣ್ಣಲಿ.

ಕಲೆಯಲ್ಲಿ ಹಿಂಗೆ ಕಟ್ಟೋ ಮೂಳೆ ಕ್ಯಾನ್ಸರ್ ಅಲ್ಲ. ಆದ್ರೆ ಬೇಗ ಬೇಗ ದೊಡ್ಡದಾಗ್ತಿದ್ರೆ ಅಥವಾ ಸ್ಕ್ಯಾನ್ ನೋಡಿದೋರಿಗೆ ಅನುಮಾನ ಇದ್ರೆ ಚೂರು ತೆಗೆದು ಪರೀಕ್ಷೆ ಮಾಡಿಸ್ಲೇಬೇಕು. ತೊಂದರೆ ಕೊಡದಿದ್ರೆ ಅದರ ಪಾಡಿಗೆ ಬಿಡಬಹುದು, ಚುಚ್ಚಿ ಚುಚ್ಚಿ ಕಾಟ ಕೊಟ್ರೆ ಮಾತ್ರ ತೆಗೀತಾರೆ, ಅದೂ ಮೂಳೆ ಪೂರ್ತಿ ಬಲಿತ ಮೇಲೆ, ಯಾಕಂದ್ರೆ ಎಳೇದಿದ್ದಾಗ ಕೈ ಹಾಕಿದ್ರೆ ಮತ್ತೆ ಬೆಳೆಯೋ ಸಾಧ್ಯತೆ ಜಾಸ್ತಿ. ಇದೇ ಥರದ್ದು ಕರುಳನ್ನ ಹಿಡಿದಿರೋ ಪೊರೆಯಲ್ಲೂ ಆಗುತ್ತೆ, ಹೊಟ್ಟೆ ಪದೇ ಪದೇ ಕೊಯ್ಸಿಕೊಂಡೋರಲ್ಲಿ. ಅದು ಕೆಟ್ಟದ್ದು, ಕರುಳನ್ನೇ ಬಿಗಿದುಬಿಡುತ್ತೆ. ನಿಮ್ಮ ರಿಪೋರ್ಟಲ್ಲಿ ಕಲೆ ಅಂತಷ್ಟೇ ಇದೆ, ಆದ್ರೂ ವಾಂತಿ ಆಗಿ ಹೊಟ್ಟೆ ಉಬ್ಬಿ ಗ್ಯಾಸ್ ಹೋಗೋದೂ ನಿಂತ್ರೆ ಬೆಳಗಾಗಲಿ ಅಂತ ಕಾಯ್ಬೇಡಿ.

ನನಗೆ ಮೂಳೆಗಿಂತ ಹೆದರಿಕೆ ಇರೋದು ಬೇರೆ. ಸೊಂಟದ ಕೀಲು ಬದಲಾಯಿಸಿದೋರಿಗೆ ಹಿಂಗೆ ಮೂಳೆ ಬೆಳೀದಿರ್ಲಿ ಅಂತ ಇಂಡೊಮೆಥಾಸಿನ್ ಮಾತ್ರೆ ಕೊಡೋದುಂಟು. ಅದನ್ನ ಎಲ್ಲೋ ಓದ್ಕೊಂಡು ನೀವು ಅಪ್ಪಾಜಿಗೆ ತಂದುಕೊಟ್ಟೀರ ಜೋಕೆ, ಹುಣ್ಣು ತೂತಾದ ಹೊಟ್ಟೆ ಅದು, ಆ ಮಾತ್ರೆ ಮತ್ತೆ ತೂತು ಮಾಡುತ್ತೆ. ನೋವಿಗೆ ಮೆಡಿಕಲ್ ಶಾಪಲ್ಲಿ ಕೇಳಿ ತರೋ ಡೈಕ್ಲೊಫೆನಾಕ್, ಐಬುಪ್ರೊಫೇನ್ ಕಥೆನೂ ಅದೇ.