ಮನಸ್ಸಿನ ಮಾತ್ರೆಯ ಜೊತೆ ಸೊಂಟನೋವಿನ ಮಾತ್ರೆ

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಖಿನ್ನತೆಗೆಂದು ಶಿವಮೊಗ್ಗದ ಡಾಕ್ಟರು ಎಸಿಟಾಲೊಪ್ರಾಮ್ 10 ಮಿ.ಗ್ರಾಂ. ಕೊಟ್ಟಿದ್ದಾರೆ. ಒಂಬತ್ತು ದಿನವಾಯಿತು, ಗುಣ ಕಂಡಿಲ್ಲ. ಹೊಟ್ಟೆ ತೊಳಸುತ್ತದೆ ಎನ್ನುತ್ತಾರೆ. ಈಗ ಅಡಿಕೆ ಕೊಯ್ಲು. ಸೊಂಟನೋವಿಗೆ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಬಿ.ಪಿ. ಮಾತ್ರೆಯೂ ಇದೆ. ಎಲ್ಲ ಒಟ್ಟಿಗೆ ಆಗುತ್ತದೆಯೇ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಒಂಬತ್ತು ದಿನಕ್ಕೇ ಗುಣವಿಲ್ಲ ಎನ್ನಬೇಡಿ. ಮಿದುಳಿನ ನರಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ಮತ್ತೆ ಒಳಗೆಳೆದುಕೊಳ್ಳುತ್ತವೆ. ಹಾಗೆ ಒಳಗೆಳೆಯುವ ಬಾಗಿಲಿಗೆ ಈ ಮಾತ್ರೆ ಅಡ್ಡ ನಿಲ್ಲುತ್ತದೆ. ಅಡ್ಡ ನಿಲ್ಲುವುದು ಮೊದಲ ದಿನವೇ; ಮನಸ್ಸು ಹಗುರಾಗಲು ಮಾತ್ರ 2ರಿಂದ 6 ವಾರ ಬೇಕು. ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ, ಊಟವಾದ ಮೇಲೆ ಕೊಡಿ. ಸಾಲದೆಂದು ನೀವೇ 20 ಮಾಡಬೇಡಿ, ಈ ವಯಸ್ಸಿಗೆ ಸಾಮಾನ್ಯವಾಗಿ 10ರಲ್ಲೇ ನಿಲ್ಲಿಸುತ್ತಾರೆ. ಸಾಯುವ ಮಾತು ಬಂದರೆ ಮುಂದಿನ ತಾರೀಕಿಗೆ ಕಾಯದೆ ಡಾಕ್ಟರಿಗೆ ತಿಳಿಸಿ.

ಚಿಂತೆಯಿರುವುದು ಡೈಕ್ಲೋಫೆನಾಕ್‌ನದು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೂ ಸೆರೊಟೋನಿನ್ ಬೇಕು. ಅವು ಅದನ್ನು ತಯಾರಿಸುವುದಿಲ್ಲ, ರಕ್ತದಿಂದ ಹೀರಿ ಕೂಡಿಡುತ್ತವೆ, ಅದೂ ಅದೇ ಬಗೆಯ ಬಾಗಿಲಿನಿಂದ. ಎಸಿಟಾಲೊಪ್ರಾಮ್ ಅದನ್ನೂ ಮುಚ್ಚುತ್ತದೆ. ಇತ್ತ ಡೈಕ್ಲೋಫೆನಾಕ್ ಜಠರದ ಒಳಪದರದ ರಕ್ಷಣೆಯನ್ನು ಕುಂದಿಸುತ್ತದೆ. ಹುಣ್ಣಾದ ಜಾಗದಲ್ಲಿ ರಕ್ತ ಬೇಗ ನಿಲ್ಲದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸೊಂಟಕ್ಕೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಸಾಕು, ಆರು ಗಂಟೆಗೊಂದರಂತೆ ದಿನಕ್ಕೆ ನಾಲ್ಕು ಮೀರದೆ. ಕುಡಿತ ಅಥವಾ ಲಿವರ್ ತೊಂದರೆಯಿದ್ದರೆ ಮೊದಲು ಕೇಳಿ. ನೋವು ಬಿಡಲಿಲ್ಲವೆಂದು ಟ್ರಾಮಡಾಲ್‌ಗೆ ಕೈಹಾಕಬೇಡಿ. ಅದೂ ಸೆರೊಟೋನಿನ್ ಏರಿಸುತ್ತದೆ. ನಡುಕ, ಬೆವರು, ತಳಮಳ, ಜ್ವರ ಬರಬಹುದು. ಒಣಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್‌ಗೂ ಇದೇ ಮಾತು. ಗ್ಯಾಸ್ಟ್ರಿಕ್‌ಗೆ ಒಮಿಪ್ರಜೋಲ್ ಕೊಟ್ಟರೆ ಎಸಿಟಾಲೊಪ್ರಾಮ್ ರಕ್ತದಲ್ಲಿ ಹೆಚ್ಚುತ್ತದೆ, ಪ್ಯಾಂಟೊಪ್ರಜೋಲ್‌ನಿಂದ ಅಷ್ಟಿಲ್ಲ.

ಬಿ.ಪಿ. ಮಾತ್ರೆಯ ಹೆಸರು ಬರೆದಿಲ್ಲ. ಪಟ್ಟಿಯ ಮೇಲೆ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಎಂದಿದ್ದರೆ, ಅದೂ ಎಸಿಟಾಲೊಪ್ರಾಮೂ ಸೇರಿ ರಕ್ತದ ಸೋಡಿಯಂ ಇಳಿಸಬಹುದು. ತಲೆನೋವು, ಗೊಂದಲ, ತೂರಾಡುವ ನಡಿಗೆ ಕಂಡರೆ ಅರವತ್ತರ ಅರಳುಮರಳೆಂದು ಬಿಡಬೇಡಿ, ಸೋಡಿಯಂ ಪರೀಕ್ಷೆ ಮಾಡಿಸಿ.

ಇನ್ನೊಂದು, ನಿಮ್ಮ ಭಾಗಕ್ಕೇ ಸೇರಿದ್ದು. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವವಾಗಬಹುದು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ, ಕಾಡಂಚಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಡೈಕ್ಲೋಫೆನಾಕ್, ಆಸ್ಪಿರಿನ್ ಮುಟ್ಟಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ, ಎಸಿಟಾಲೊಪ್ರಾಮ್ ಚೀಟಿಯನ್ನೂ ತೋರಿಸಿ. ಎಸಿಟಾಲೊಪ್ರಾಮನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ತಲೆಸುತ್ತು, ಕರೆಂಟ್ ಹೊಡೆದಂಥ ಜುಮ್ಮು ಶುರುವಾದೀತು.