ಓದುಗರ ಪ್ರಶ್ನೆ: 70 ಗ್ರೇನ್ ಮದ್ದು ಕೇಸಿನಲ್ಲಿ ಹಿಡಿಯುತ್ತಿಲ್ಲ

ಪ್ರಶ್ನೆ: ನನ್ನ ಹತ್ತಿರ .45-70 ತೋಟಾ ಹಾಕುವ ಹಳೇ ಟ್ರ್ಯಾಪ್‌ಡೋರ್ ರೈಫಲ್ ಇದೆ, ಹಿಂಬದಿಯ ಮುಚ್ಚಳ ಮೇಲಕ್ಕೆತ್ತಿ ತೋಟಾ ಹಾಕುವಂಥದ್ದು. ಹೆಸರಿನಲ್ಲಿರುವ 70 ಎಂದರೆ 70 ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ) ಕರಿಮದ್ದು, ಅಂದರೆ ಹಳೇ ಕಾಲದ ಹೊಗೆ ಬರುವ ಕೋವಿ ಮದ್ದು, ಅಂತ ಗೊತ್ತು. ಆದರೆ ಈಗ ಸಿಗುವ ಹಿತ್ತಾಳೆ ಕೇಸಿಗೆ (ತೋಟಾದ ಖೋಲಿಗೆ) ಅಷ್ಟು ಸುರಿದರೆ ಗುಂಡು ಕೂರಿಸಲು ಜಾಗವೇ ಇರುವುದಿಲ್ಲ. 55 ಗ್ರೇನ್ ಹಾಕಿ ಬಿಟ್ಟರೆ ಸಾಕಲ್ವಾ?

ಉತ್ತರ: ಮದ್ದು ಕಮ್ಮಿ ಹಾಕಬಹುದು, ತೊಂದರೆ ಇಲ್ಲ. ಆದರೆ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಮಾತ್ರ ಬಿಡಬೇಡಿ. ಈಗಿನ ತೋಟಾಗಳಿಗೆ ಹಾಕುವ ಹೊಗೆ ಬಾರದ ಮದ್ದಿನಲ್ಲಿ ಕೈ ಪಳಗಿದವರು ಎಡವುವುದು ಇಲ್ಲೇ. ಆ ಮದ್ದು ಕೇಸಿನಲ್ಲಿ ಅರ್ಧವೇ ಇದ್ದರೂ ಎಷ್ಟೋ ತೋಟಾಗಳಲ್ಲಿ ನಡೆಯುತ್ತದೆ, ಹಾಗಾಗಿ ಅದೇ ಅಭ್ಯಾಸ ಕರಿಮದ್ದಿಗೂ ಬಂದುಬಿಡುತ್ತದೆ. ಕರಿಮದ್ದಿನಲ್ಲಿ ನಡುವೆ ಜಾಗ ಬಿಟ್ಟರೆ ನಳಿಗೆ ಒಂದು ಕಡೆ ಬಳೆಯ ಹಾಗೆ ಉಬ್ಬಿಕೊಳ್ಳಬಹುದು. ಆ ಉಬ್ಬು ಮತ್ತೆ ಸರಿ ಹೋಗುವುದಿಲ್ಲ.

ಅಮೆರಿಕದ ಸೈನ್ಯ 1873ರಲ್ಲಿ ಈ ತೋಟಾ ತಂದಾಗ 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಮದ್ದು, ಅದರ ಮುಂದೆ 405 ಗ್ರೇನಿನ ಸೀಸದ ಗುಂಡು. ಆಗಿನ ಕೇಸಿನ ತಳ ತೆಳುವಾಗಿತ್ತು, ಈಗಿನದು ದಪ್ಪ. ಹೊರಗಿನ ಅಳತೆ ಅದೇ, ಒಳಗೆ ಮಾತ್ರ ಜಾಗ ಕಡಿಮೆ. ನಿಮ್ಮ ಕೈಯಲ್ಲಿ ಏನೂ ತಪ್ಪಾಗಿಲ್ಲ. ಕುದುರೆ ಸವಾರರ ಗಿಡ್ಡ ಕೋವಿಗೆ ಅದೇ ಸೈನ್ಯ 55 ಗ್ರೇನಿನ ತೋಟಾನೂ ಮಾಡಿತ್ತು, ಉಳಿದ ಜಾಗಕ್ಕೆ ರಟ್ಟು ತುಂಬಿಸಿತ್ತು.

ಜಾಸ್ತಿ ಮದ್ದು ಹಿಡಿಸಬೇಕು ಅಂದರೆ ಒಂದೇ ಸಲ ಸುರಿಯಬೇಡಿ. ಎರಡು ಅಡಿ ಉದ್ದದ ಸಣ್ಣ ಹಿತ್ತಾಳೆ ಕೊಳವೆಯ ಮೇಲಿಂದ ನಿಧಾನವಾಗಿ ಬಿಡಿ, ಕಾಳುಗಳು ಬೀಳುತ್ತಾ ಬೀಳುತ್ತಾ ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ, ಅಷ್ಟರಿಂದಲೇ ಮಟ್ಟ ಎದ್ದು ಕಾಣುವಷ್ಟು ಇಳಿಯುತ್ತದೆ. ಮೇಲೆ ರಟ್ಟಿನ ಬಿಲ್ಲೆ ಇಡಿ. ಇನ್ನೂ ಒತ್ತಬೇಕಾದರೆ ಅದಕ್ಕೆಂದೇ ಇರುವ ಡೈ ಎಂಬ ಅಚ್ಚಿನಿಂದ ಒತ್ತಿ, ಗುಂಡಿನಿಂದ ಒತ್ತಬೇಡಿ. ಮೆತ್ತನೆ ಸೀಸ ಅಲ್ವಾ, ಆಕಾರ ಕೆಡುತ್ತದೆ, ಆಮೇಲೆ ಗುರಿ ಎಲ್ಲಿಂದ ಬರಬೇಕು? ಎಷ್ಟು ಒತ್ತಬೇಕು ಅನ್ನುವುದು ಮದ್ದಿನ ಬ್ರಾಂಡಿನ ಮೇಲೆ ಹೋಗುತ್ತದೆ, ತಯಾರಕರ ಪಟ್ಟಿ ನೋಡಿಯೇ ಶುರು ಮಾಡಿ. ಅದಕ್ಕೂ ಮೊದಲು ಕೋವಿಯನ್ನು ಬಲ್ಲವರ ಕೈಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಮದ್ದು ತುಂಬುವ ಕೋಣೆಯಲ್ಲಿ ಬೆಂಕಿ, ಕಿಡಿ, ಸಿಗರೇಟು ಏನೂ ಇರಬಾರದು.

ಪ್ರಶ್ನೆ: ಕರಿಮದ್ದಿನ ಹೊಗೆ, ಮಸಿ ಯಾರಿಗೆ ಬೇಕು? ಅದೇ ಅಳತೆಗೆ ಹೊಗೆ ಬಾರದ ಮದ್ದು ಹಾಕಿ ಅಂತ ಗೆಳೆಯರೊಬ್ಬರು ಹೇಳುತ್ತಾರೆ.

ಉತ್ತರ: ಬೇಡ. ದಯವಿಟ್ಟು ಬೇಡ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಮಾಡಿದ ಮೊದಲ ಹೊಗೆ ಬಾರದ ಮದ್ದೇ ಅಷ್ಟೇ ತೂಕದ ಕರಿಮದ್ದಿಗಿಂತ ಸುಮಾರು ಮೂರು ಪಟ್ಟು ಬಲವಾಗಿತ್ತು. ಕರಿಮದ್ದಿನ ಅಳತೆಗೆ ಅದನ್ನು ತುಂಬಿದರೆ ಕೋವಿ ಒಡೆಯುತ್ತದೆ, ಮುಖ ಅದರ ಪಕ್ಕದಲ್ಲೇ ಇರುತ್ತದೆ. ಎರಡು ಬಗೆಯ ಮದ್ದನ್ನು ಒಂದೇ ಮೇಜಿನ ಮೇಲೆ ಕೂಡ ಇಡಬೇಡಿ.

ಪ್ರಶ್ನೆ: ಮೊದಲ ನಾಲ್ಕೈದು ಈಡು ಚೆನ್ನಾಗಿ ಹೋಗುತ್ತವೆ, ಆಮೇಲೆ ಗುರಿ ಚೆದುರುತ್ತದೆ. ಎಣ್ಣೆ ಹಾಕಿ ಒರೆಸಿದರೂ ಒಂದು ವಾರಕ್ಕೆ ನಳಿಗೆಯಲ್ಲಿ ತುಕ್ಕು.

ಉತ್ತರ: ಎರಡಕ್ಕೂ ಕಾರಣ ಮಸಿಯೇ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಅನಿಲ ಆಗುವುದೇ ಇಲ್ಲ, ಘನವಾಗಿ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಂಡು ಒಣಗಿ ಗಟ್ಟಿಯಾಗುತ್ತದೆ. ಮುಂದಿನ ಗುಂಡು ಅದರ ಮೇಲೇ ಉಜ್ಜಿಕೊಂಡು ಹೋಗಬೇಕು. ಮಸಿ ಮೆತ್ತಗೆ ಉಳಿಯಬೇಕು, ಅಷ್ಟೇ. ಈಡು ಈಡಿನ ನಡುವೆ ಕೋವಿಯ ಹಿಂಬದಿಯ ಮುಚ್ಚಳ ತೆರೆದು, ತೋಟಾ ಇಲ್ಲ ಅಂತ ಕಣ್ಣಾರೆ ನೋಡಿ, ಹಿಂದಿನಿಂದ ಒಂದು ಕೊಳವೆ ಇಟ್ಟು ನಾಲ್ಕೈದು ಸಲ ಉಸಿರು ಊದಿ. ಉಸಿರಿನ ತೇವವೇ ಸಾಕು. ಗುಂಡಿಗೆ ಹಚ್ಚುವ ಜಿಡ್ಡು ಜೇನುಮೇಣ ಮತ್ತು ಕೊಬ್ಬಿನದಿರಲಿ, ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ಮಸಿ ಡಾಂಬರಿನ ಹಾಗೆ ಅಂಟುತ್ತದೆ.

ಇನ್ನು ತುಕ್ಕು. ಆ ಮಸಿಯಲ್ಲಿ ಉಪ್ಪಿನಂಥ ಪದಾರ್ಥಗಳಿವೆ, ಗಾಳಿಯ ತೇವ ಎಳೆದುಕೊಳ್ಳುತ್ತವೆ. ಎಣ್ಣೆ ಅವನ್ನು ಕರಗಿಸುವುದಿಲ್ಲ, ಸುಮ್ನೆ ಮೇಲೆ ಮುಚ್ಚುತ್ತದೆ. ಕರಗಿಸುವುದು ನೀರು. ಕೋವಿಗೆ ನೀರು ಹಾಕಲು ಎಲ್ಲರಿಗೂ ಭಯ, ನನಗೂ ಇತ್ತು. ಆದರೂ ಅವತ್ತೇ ನೀರಿನಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆ ಬೆಳ್ಳಗೆ ಹೊರಬರುವ ತನಕ ಉಜ್ಜಿ, ಒಣ ಬಟ್ಟೆ ಎಳೆದು, ಪೂರ್ತಿ ಒಣಗಿದ ಮೇಲೆ ಎಣ್ಣೆ ಹಾಕಿ. ಖಾಲಿ ಕೇಸುಗಳನ್ನೂ ಅಲ್ಲೇ ಸೋಪಿನ ನೀರಿಗೆ ಹಾಕಿಬಿಡಿ. ನಾನೊಮ್ಮೆ ಮೂರು ದಿನ ಚೀಲದಲ್ಲೇ ಬಿಟ್ಟಿದ್ದೆ, ಹಿತ್ತಾಳೆಗೆ ಕಿಲುಬು ಹತ್ತಿ ಎಷ್ಟೋ ಕೇಸುಗಳನ್ನು ಎಸೆಯಬೇಕಾಯಿತು. ಮಾರನೇ ದಿನ ನಳಿಗೆಗೆ ಇನ್ನೊಂದು ಬಿಳಿ ಬಟ್ಟೆ ಎಳೆದು ನೋಡಿ. ಕಂದು ಬಣ್ಣ ಕಂಡರೆ ಮತ್ತೆ ನೀರಿನಿಂದಲೇ ಶುರು ಮಾಡಿ.